ಕಪ್ಪು ಬಾಕಿ ಇರುವ ಚಿತ್ರ

ಅಕ್ಕ ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯ ತುಂಡಿನ ಮೇಲೆ ಚಿತ್ರ ಕೆತ್ತಿ ಅಚ್ಚು ತೆಗೆಯುತ್ತಿದ್ದಳು. ಮೊದಲು ನಾನು ಕೆಲಸ ಮಾಡುವ ಪತ್ರಿಕೆಯ ಭಾನುವಾರದ ಕತೆಗಳಿಗೆ, ಆಮೇಲೆ ಮಕ್ಕಳ ತೆಲುಗು ಪುಸ್ತಕಗಳಿಗೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಬಂದಮೇಲೆ ಪ್ರಕಾಶಕರು ಕರೆಯುವುದು ಕಡಿಮೆಯಾಯಿತು. ಆಕೆ ದೂರಲಿಲ್ಲ. ಕಾಚಿಗೂಡದ ನಮ್ಮ ಮನೆಯ ವರಾಂಡದಲ್ಲಿ ಕೂತು ತನಗಾಗಿ ಕೆತ್ತತೊಡಗಿದಳು. ಅಚ್ಚಿನ ಯಂತ್ರವಿರಲಿಲ್ಲ. ಬಣ್ಣ ಹಚ್ಚಿದ ಲಿನೋ ಮೇಲೆ ಕಾಗದವಿಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜುತ್ತಿದ್ದಳು. ಸಾರಿನ ಚಮಚ ಮತ್ತೆ ಹೋಯಿತೆಂದು ಅವ್ವ ಗೊಣಗುವಳು.

ಕೊನೆಗೆ ಹಿಡಿದದ್ದು ಅವ್ವನದೇ ಮುಖ. ಎಲ್ಲ ಬಣ್ಣಕ್ಕೂ ಒಂದೇ ತುಂಡು: ಸ್ವಲ್ಪ ಕೆತ್ತಿ ಹಳದಿ ಅಚ್ಚು, ಇನ್ನಷ್ಟು ಕೆತ್ತಿ ಅದರ ಮೇಲೆ ಕೆಂಪು, ಮತ್ತೂ ಕೆತ್ತಿ ಉಳಿದದ್ದರಲ್ಲಿ ಕಪ್ಪು. ಕೆತ್ತಿದ ಕಡೆ ಮುಂದಿನ ಬಣ್ಣ ಹತ್ತದು; ಕೆತ್ತಿ ತೆಗೆದದ್ದು ಮರಳಿ ಬಾರದು. ಕೆಂಪು ಮುಗಿದು ಹಗ್ಗಕ್ಕೆ ತೂಗುಬಿದ್ದ ಪ್ರತಿಗಳನ್ನು ಅವ್ವ ಒಂದೊಂದಾಗಿ ನೋಡಿದಳು.

"ಕಣ್ಣೆಲ್ಲಿ ಅದಾವ? ಕುರುಡಿ ಮಾಡಿ ಕುಂದ್ರಿಸೀಯಲ್ಲ ನನ್ನ."

"ಕಣ್ಣು ಕಡೀಕ ಬರ್ತಾವ ಬೇ, ಕಪ್ಪಿನಾಗ," ಅಂದಳು ಅಕ್ಕ.

ಕಪ್ಪಿಗೆ ಕೆತ್ತುವ ಮೊದಲೇ ಅಕ್ಕ ಆಸ್ಪತ್ರೆ ಸೇರಿದಳು. ಒಂದು ಬಣ್ಣ ಉಳಿದಿದೆ, ಎರಡು ದಿನ ಮನೆಗೆ ಬಿಡಿ ಎಂದು ಡಾಕ್ಟರನ್ನು ಕೇಳಿದಳು. ಮುಂದಿನ ವಾರ ನೋಡೋಣ ಎಂದರು. ಮುಂದಿನ ವಾರ ಆಕೆ ಇರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ, ಆಕೆಯ ಜೊತೆ ಕಲಿತಿದ್ದ ಕಲಾವಿದನೊಬ್ಬ ಹಿಮಾಯತ್‌ನಗರದಿಂದ ಬಂದ. ಗೆಳೆಯರು ಸೇರಿ ಅಕ್ಕನ ಚಿತ್ರಗಳ ಪ್ರದರ್ಶನ ಇಡುವವರಿದ್ದರು. ಅವ್ವನ ಫೋಟೊ ಕೊಟ್ಟರೆ ಕಪ್ಪಿನ ಕೆತ್ತನೆ ತಾನೇ ಮುಗಿಸಿ ಅಚ್ಚು ತೆಗೆದುಕೊಡುತ್ತೇನೆ ಅಂದ. ನನಗೂ ಅದು ಸರಿಯೆನ್ನಿಸಿತು; ಬೇರೆಯವರ ಅರ್ಧ ಬರಹ ಮುಗಿಸಿ ಪುಟಕ್ಕೆ ಕಳಿಸುವುದು ನನ್ನ ದಿನದ ಕೆಲಸ. ಫೋಟೊ ಹುಡುಕಲು ಎದ್ದೆ.

ಅವ್ವ ಲಿನೋ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಆಕಿ ಇನ್ನ ಎಲ್ಲೆಲ್ಲಿ ಕೆತ್ತಾಕಿ ಇದ್ಲು, ನಿನಗ ಗೊತ್ತೈತೇನಪಾ?"

ಆತ ಪ್ರಾಮಾಣಿಕ. ಗೊತ್ತಿಲ್ಲ, ಅಂದಾಜಿನ ಮೇಲೆ ಮಾಡಬೇಕು ಅಂದ.

"ಹಂಗಾರ ಬ್ಯಾಡ."

ಆತ ಚಹಾ ಕುಡಿದು ಹೋದ. ಆ ಚಿತ್ರ ಪ್ರದರ್ಶನಕ್ಕೆ ಹೋಗಲಿಲ್ಲ. ಪ್ರತಿಗಳು ಈಗಲೂ ವರಾಂಡದ ಹಗ್ಗದ ಮೇಲಿವೆ. ಬಟ್ಟೆ ಒಣಹಾಕಲು ಅವ್ವ ಹಿತ್ತಲಲ್ಲಿ ಬೇರೆ ಹಗ್ಗ ಕಟ್ಟಿಸಿದ್ದಾಳೆ. ಮನೆಗೆ ಬಂದವರು ಕಣ್ಣೆಲ್ಲಿ ಎಂದು ಕೇಳಿದರೆ, ಇನ್ನೂ ಒಂದು ಬಣ್ಣ ಬಾಕಿ ಐತಿ ಅನ್ನುತ್ತಾಳೆ.