ಬಸ್ಸಿನಲ್ಲಿ ಕಿತ್ತುಕೊಂಡ ಕೂಸು

ನಾಗಮಂಗಲದಿಂದ ದೇವಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಏನ್ ಕೆಲ್ಸ ಮಾಡ್ತೀಯವ್ವಾ?" ಅಂದರು.

"ನ್ಯೂಟ್ರಾನು ಹೆಚ್ಚಾಗಿ ರೇಡಿಯೇಷನ್ ಸೂಸೋ ಪರಮಾಣುಗಳ ಆಯಸ್ಸು ಅಳೀತೀನಜ್ಜಿ."

"ರೇಡಿಯೇಷನ್ನಾ? ಟವರ್‌ನಲ್ಲಿ ಬತ್ತದಲ್ಲ, ಅದಾ? ಕೂಸ್ನ ಕೊಡವ್ವ ಇತ್ಲಾಗೆ!" ಎಂದವರೇ ನಗುತ್ತಿದ್ದ ಮಗುವನ್ನು ಕಿತ್ತುಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಪರಮಾಣುಗಳನ್ನು ನಾನೇನು ಚೀಲದಲ್ಲಿ ಹೊತ್ತು ತಿರುಗುತ್ತೇನೆಯೇ? ಕಣ್ಣು ಮಿಟುಕಿಸುವಷ್ಟರಲ್ಲಿ ಅವು ಪ್ರಯೋಗಾಲಯದ ಯಂತ್ರದೊಳಗೇ ಸತ್ತಿರುತ್ತವೆ. ಅಜ್ಜಿ ಮಗುವನ್ನು ಮುಂದಿನ ಸೀಟಿನಲ್ಲಿ ಗಬ್ಬೆಂದು ಬೀಡಿ ನಾರುತ್ತಿದ್ದವನ ತೊಡೆಗೆ ಹಾಕಿದ್ದನ್ನು ನೋಡಿದ ಮೇಲಂತೂ ತಡೆಯಲಾಗಲಿಲ್ಲ.

"ನಿಮ್ಮ ಓಲೆಯ ಚಿನ್ನ ಆಕಾಶದಲ್ಲಿ ಹುಟ್ಟಿದ್ದೂ ಅಂಥ ಪರಮಾಣುಗಳಿಂದಲೇ!" ಎಂದು ಕೂಗಿಯೇಬಿಟ್ಟೆ.

ಅಜ್ಜಿ ತಟ್ಟನೆ ಸೆರಗೆಳೆದು ಕಿವಿ ಮುಚ್ಚಿಕೊಂಡರು. ಓಲೆಯ ಮೇಲೂ ನನ್ನ ಕಣ್ಣು ಬಿದ್ದಿದೆ ಎಂದುಕೊಂಡಿರಬೇಕು.