ಡೀಸೆಲ್ ಪೈಪಿನೊಳಗಿನ ಗಾಳಿ

ಜಾಲ್ಸೂರಿನ ಪೋಕರನಷ್ಟು ಬಾಯಿ ಜೋರಿನ ಮೆಕ್ಯಾನಿಕ್ ಸುಳ್ಯದಿಂದ ಪುತ್ತೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಪಿಕಪ್ಪಿನ ಬಾನೆಟ್ ಎತ್ತಿದನೆಂದರೆ ಮೊದಲು ಬೈಗುಳ, ಆಮೇಲೆ ಸ್ಪಾನರ್. "ಆಯಿಲ್ ನೋಡದೆ ಗಾಡಿ ಓಡಿಸುದಾ? ನೀನು ಊಟ ಬಿಟ್ಟು ಓಡ್ತೀಯಾ ಮಾರಾಯ?"

ಹೀಗೆ ಬೈಯುವವನಿಗೆ ಮನೆಯಲ್ಲಿ ಬೈಯಲಿಕ್ಕೂ ಜನ ಇಲ್ಲ. ಹೆಂಡತಿ ಮೈಮೂನಮ್ಮ ತೀರಿಕೊಂಡ ಮೇಲೆ ಬೀಗ ತೆಗೆದು ಒಳಗೆ ಹೋಗುದೇ ಬೇಜಾರು. ಶೆಡ್ಡಿಗೆ ಬರುವವರು ಎಂಜಿನ್ ಸ್ಟಾರ್ಟ್ ಆದ ಕೂಡಲೇ ಹೊರಟುಬಿಡುತ್ತಾರೆ. ಕೂತು ಮಾತಾಡುವವ ಒಬ್ಬನೇ, ಅಜ್ಜಾವರದ ಮಹೇಶ್ವರ. ಹಳೇ ಪಿಕಪ್ಪಿನಲ್ಲಿ ಪುತ್ತೂರಿಗೆ ಬಾಳೆಗೊನೆ ಸಾಗಿಸುವವ.

ಆ ಗಾಡಿಗೆ ಒಂದೇ ರೋಗ. ಡೀಸೆಲ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದರಿಂದ ಗಾಳಿ ಹೊಕ್ಕು ಎಂಜಿನ್ ಕೆಮ್ಮುತ್ತಿತ್ತು. ಪೋಕರ್ ಪ್ರತಿ ಸಲ ಗಾಳಿ ತೆಗೆದು ಕಳಿಸುತ್ತಿದ್ದ, ಪೈಪ್ ಬದಲಿಸುತ್ತಿರಲಿಲ್ಲ. ಬಿರುಕು ಕಾಣಲಿಲ್ಲ ಅಂತಲ್ಲ, ಚೆನ್ನಾಗಿಯೇ ಕಂಡಿತ್ತು. ಪೈಪ್ ಬದಲಿಸಿದರೆ ಮಹೇಶ್ವರ ಮತ್ತೆ ಎಂತಕ್ಕೆ ಬರುದು? ಗಾಳಿ ತೆಗೆಯುವಷ್ಟು ಹೊತ್ತು ಇಬ್ಬರಿಗೂ ಚಾ, ಊರ ಸುದ್ದಿ, ಮೈಮೂನಮ್ಮ ಮಾಡುತ್ತಿದ್ದ ಅಕ್ಕಿರೊಟ್ಟಿ, ಪತ್ತಿರಿಯ ಮಾತು. ಅಷ್ಟಕ್ಕೇ ಈ ಕಳ್ಳಾಟ. ಅಲ್ಲ, ಇದು ನ್ಯಾಯವಾ?

ಒಂದು ಸುಡುಬಿಸಿಲಿನ ಮಧ್ಯಾಹ್ನ ಪುತ್ತೂರಿನ ದಾರಿಯಲ್ಲಿ, ಕಾವು ಎಂಬ ಊರಿನ ಏರಿನಲ್ಲಿ ಪಿಕಪ್ ನಿಂತೇ ಬಿಟ್ಟಿತು. ಫೋನ್ ಬಂದದ್ದೇ ಪೋಕರ್ ಬೈಕಿನಲ್ಲಿ ಓಡಿಹೋದ. ಬಾಳೆಗೊನೆಗಳು ಬಿಸಿಲಿಗೆ ಬಾಡುತ್ತಿದ್ದವು, ಹಿಂದಿನ ಲಾರಿಯವ ಬಾಯಿಗೆ ಬಂದ ಹಾಗೆ ಬೈದು ಹೋಗಿದ್ದ. ಮಹೇಶ್ವರ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತಿದ್ದ.

"ನೀನು ನೋಡಿದ ಗಾಡಿ ಅಂತ ನಂಬಿದ್ದೆ ಮಾರಾಯ," ಅಂದ. ಅಷ್ಟೇ. ಎರಡು ಬೈದಿದ್ದರೆ ಪೋಕರನಿಗೆ ಎಷ್ಟೋ ಹಗುರ ಆಗುತ್ತಿತ್ತು. ನಾಚಿಕೆಯಿಂದ ಸತ್ತ ಹಾಗಾಯಿತು. ಅವತ್ತೇ ಹೊಸ ಪೈಪ್ ಹಾಕಿದ.

ಅಲ್ಲಿಗೆ ಮುಗಿಯಿತು. ಬೇಸಿಗೆಯೆಲ್ಲ ಪಿಕಪ್ ಶೆಡ್ಡಿನೆದುರು ಹಾರ್ನ್ ಹೊಡೆದು ಹಾದುಹೋಯಿತು. ಪೋಕರ್ ಕೈಯೆತ್ತುವಷ್ಟರಲ್ಲಿ ತಿರುವಿನಲ್ಲಿ ಮಾಯ. ಹೋಟೆಲಿನವನಿಗೆ "ಒಂದೇ ಚಾ" ಅನ್ನಬೇಕಾಯಿತು. ಕೆಲಸ ಸರಿ ಮಾಡಿದ್ದಕ್ಕೆ ಇದಾ ಶಿಕ್ಷೆ! ಬಂದ ಗಿರಾಕಿಗಳಿಗೆಲ್ಲ ದುಪ್ಪಟ್ಟು ಬೈದ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಆ ಪಿಕಪ್ ಗೊರಗೊರ ಅಂದು ಶೆಡ್ಡಿನ ಎದುರೇ ನಿಂತಿತು.

"ಪುನಃ ಅದೇ ಉಪದ್ರ," ಅಂದ ಮಹೇಶ್ವರ, ರಸ್ತೆ ಕಡೆ ನೋಡುತ್ತಾ.

ಪೋಕರ್ ಬಾನೆಟ್ ಎತ್ತಿದ. ಪೈಪಿನಲ್ಲಿ ಒಂದು ಗೀರೂ ಇಲ್ಲ. ಅದರ ನಟ್ಟು ಮಾತ್ರ ಸಡಿಲ, ಮೇಲೆ ಕಟ್ಟಿಂಗ್ ಪ್ಲೇಯರಿನ ಹಲ್ಲಿನ ಹೊಸ ಗುರುತು. ಕೆಲಸ ಗೊತ್ತಿದ್ದವ ಯಾವನೂ ನಟ್ಟಿಗೆ ಸ್ಪಾನರ್ ಬಿಟ್ಟು ಪ್ಲೇಯರ್ ಹಾಕುದಿಲ್ಲ. ಈಗಷ್ಟೇ ಯಾರೋ ತಿರುಗಿಸಿದ್ದು, ಡೀಸೆಲ್ ಇನ್ನೂ ಜಿನುಗುತ್ತಿತ್ತು. ಮಹೇಶ್ವರನ ಹೆಬ್ಬೆರಳಿಗೂ ಡೀಸೆಲ್ ಮೆತ್ತಿತ್ತು.

ಬೈಗುಳ ಗಂಟಲವರೆಗೆ ಬಂತು. ಪೋಕರ್ ನುಂಗಿಕೊಂಡ.

"ಎಷ್ಟು ಹೊತ್ತು ಬೇಕು?" ಮಹೇಶ್ವರ ಕೇಳಿದ.

ನಟ್ಟು ಬಿಗಿ ಮಾಡಲಿಕ್ಕೆ ಒಂದು ನಿಮಿಷ ಬೇಡ.

"ದೊಡ್ಡ ಕೆಲಸ ಉಂಟು," ಅಂದ ಪೋಕರ್. "ಮಧ್ಯಾಹ್ನ ಆದೀತು. ಕೂತುಕೋ."