ಆಮೆಗಳಿಗೊಂದು ಕೊಳ

ಗಚ್ಚಿಬೌಲಿಯ ಬಂಡೆಗಳೆಲ್ಲ ಒಂದೊಂದಾಗಿ ಗಾಜಿನ ಕಟ್ಟಡಗಳಾಗುತ್ತಿದ್ದ ಕಾಲ. ನಾನು ಕುಷಾಯಿಗೂಡದ ಕಡೆ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಅಲ್ಲಿನ ಒಂದು ಕುರುಚಲು ಕಾಡಿನಲ್ಲಿ ಐಟಿ ಕ್ಯಾಂಪಸ್ ಕಟ್ಟಬಹುದೇ ಎಂದು ನೋಡಲು ಸರ್ಕಾರದವರು ಸಮಿತಿ ಮಾಡಿದರು. ಆ ಕಾಡಿನಲ್ಲಿ ನಕ್ಷತ್ರ ಆಮೆಗಳಿದ್ದವು. ಬೆನ್ನ ತುಂಬ ಹಳದಿ ಗೆರೆಗಳಿರುವ ಈ ಪ್ರಾಣಿ ಅಳಿದುಹೋಗಬಾರದೆಂದು ಕಾನೂನೇ ಇದೆ. ಆದ್ದರಿಂದ ಸಮಿತಿಗೆ ಒಬ್ಬ ಸ್ವತಂತ್ರ ವಿಜ್ಞಾನಿ ಬೇಕಾಯಿತು. ನಾನು ಸಿಕ್ಕೆ.

ಸ್ವತಂತ್ರ ವಿಜ್ಞಾನಿಯನ್ನು ಮನೆಯಿಂದ ಕರೆದೊಯ್ಯಲು ಆ ಕ್ಯಾಂಪಸ್ ಕಟ್ಟಲಿದ್ದ ಬಿಲ್ಡರನ ಕಾರು ಬರುತ್ತಿತ್ತು. ಮಧ್ಯಾಹ್ನದ ಬಿರಿಯಾನಿಯೂ ಅವನದೇ. ಸ್ಥಳ ನೋಡಲು ಹೋದದ್ದು ಮೇ ತಿಂಗಳಲ್ಲಿ. ಆ ಬಿಸಿಲಿಗೆ ಆಮೆಗಳು ಪೊದೆಗಳ ಬುಡದಲ್ಲಿ ಅಡಗಿಕೊಂಡು ಮಳೆಗೆ ಕಾಯುತ್ತವೆ, ಸಮಿತಿಯವರು ಎ.ಸಿ. ಹಾಕಿಸಿಕೊಂಡು ಕಾರಿನಲ್ಲಿ ಅಡಗಿಕೊಂಡರು. ಹೀಗಾಗಿ ಭೇಟಿ ಆಗಲಿಲ್ಲ. ಮಳೆ ಬಿದ್ದ ಮೇಲೆ ಮತ್ತೊಮ್ಮೆ ಹುಡುಕಬೇಕು, ಅಲ್ಲಿಯವರೆಗೆ ಜೆಸಿಬಿ ಬಿಡಬಾರದು ಎಂದು ನಾನು ಬರೆದುಕೊಟ್ಟೆ.

ಸಭೆ ನಾಂಪಲ್ಲಿಯ ಕಚೇರಿಯಲ್ಲಿ. ಅಧ್ಯಕ್ಷರ ಮೇಜಿನ ಮೇಲೆ ಗಾಜಿನ ಬಟ್ಟಲು, ಅದರ ನೀರಿನಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತ ಹಿತ್ತಾಳೆಯ ಆಮೆ. ವಾಸ್ತುವಿಗೆಂದು ಆಗ ಊರಿನ ಅರ್ಧ ಕಚೇರಿಗಳಲ್ಲಿ ಇಂಥದ್ದು ಇರುತ್ತಿತ್ತು. ಅಧ್ಯಕ್ಷರು ನನ್ನ ಟಿಪ್ಪಣಿಯನ್ನು ಬಾಯ್ತುಂಬ ಹೊಗಳಿ, ವರದಿಯ ಕೊನೆಯ ಅನುಬಂಧಕ್ಕೆ ಸೇರಿಸಲು ಹೇಳಿದರು. ಅಷ್ಟು ದೂರ ಓದುವವರು ಯಾರೂ ಇರಲಿಲ್ಲ. ಮಳೆಗೆ ಕಾಯುವುದು ಬೇಡ, ಆಮೆಗಳೇನಾದರೂ ಸಿಕ್ಕರೆ ಕ್ಯಾಂಪಸ್ಸಿನ ತಾವರೆ ಕೊಳಕ್ಕೆ ಬಿಟ್ಟರಾಯಿತು ಎಂದು ತೀರ್ಮಾನವಾಯಿತು. ಈಶಾನ್ಯದಲ್ಲಿ ಮೊದಲು ನೀರಿರಬೇಕೆಂದು ಬಿಲ್ಡರ್ ಆ ಕೊಳವನ್ನು ಅನುಮತಿಗೆ ಮುಂಚೆಯೇ ಕಟ್ಟಿಸಿದ್ದ.

ಇವು ನೆಲದ ಆಮೆಗಳು, ಈಜು ಬರುವುದಿಲ್ಲ, ನೀರಿಗೆ ಹಾಕಿದರೆ ಸಾಯುತ್ತವೆ ಎಂದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. ಆಮೆಗೆ ಈಜು ಬಾರದೆಂಬ ವಿಜ್ಞಾನವನ್ನು ಇವತ್ತೇ ಕೇಳಿದ್ದು ಎಂದು ಅಧ್ಯಕ್ಷರು ತೆಲುಗಿನಲ್ಲಿ ನಕ್ಕು, ಬಟ್ಟಲಿನತ್ತ ಕೈ ತೋರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಭಿನ್ನಾಭಿಪ್ರಾಯ ಬರೆದು ಕೊಟ್ಟೆ. ಅದೂ ಅನುಬಂಧಕ್ಕೇ ಹೋಯಿತು.

ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಆ ಕಾಡಿಗೆ ಹೋದೆ, ಬಸ್ಸಿನಲ್ಲಿ. ಬಿಲ್ಡರನ ಕಾರು ಬರುವುದು ನಿಂತು ಬಹಳ ದಿನವಾಗಿತ್ತು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಒಬ್ಬ ಹೆಂಗಸು ಖಾಲಿ ಬುಟ್ಟಿ ಹಿಡಿದು ಕೊಳದ ದಂಡೆಯಲ್ಲಿ ನಿಂತಿದ್ದಳು. ಬುಟ್ಟಿಯ ತಳದಲ್ಲಿ ಹಸಿ ಮಣ್ಣು. ಏನು ತಂದಿದ್ದೆ ಎಂದು ಕನ್ನಡದಲ್ಲೇ ಕೇಳಿದೆ.

"ಆಮಿ ರೀ ಅಕ್ಕಾರ. ಒಂದೂ ಸಾಯಬಾರದಂತ, ಸಾಹೇಬರು ಹೇಳ್ಯಾರ. ಭಾಳ ಜ್ವಾಕಿಲಿಂದ ನೀರಾಗ ಬಿಟ್ಟೀನ್ರಿ."

"ಇವು ನೀರಾಗಿನವು ಅಲ್ಲವ್ವಾ. ಬಾ, ತಗಿಯೂಣು."

ಇಬ್ಬರೂ ಸೀರೆ ಎತ್ತಿಕಟ್ಟಿ ಇಳಿದೆವು. ಸಿಮೆಂಟಿನ ತಳವನ್ನೆಲ್ಲ ಕೈಯಲ್ಲಿ ತಡವಿ ಒಂದೊಂದನ್ನೇ ಮೇಲೆ ತಂದು ಬಿಸಿಲಿಗೆ ಇಟ್ಟೆವು. ಕೆಲವು ಸ್ವಲ್ಪ ಹೊತ್ತಿಗೆ ಕಾಲು ಚಾಚಿದವು. ಹೆಚ್ಚಿನವು ಚಾಚಲಿಲ್ಲ. ಆಕೆ ಅವುಗಳನ್ನು ಮತ್ತೆ ಮತ್ತೆ ಮಗ್ಗುಲು ಬದಲಿಸಿ ಇಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಉಳಿದುಕೊಂಡವನ್ನು ಬೇಲಿಯಾಚೆಯ ಬಂಡೆಗಳ ಸಂದಿಗೆ ಬಿಟ್ಟು ಬಂದೆವು.

ಕ್ಯಾಂಪಸ್ಸಿನ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಹೋದೆ, ಏನು ಹೇಳುತ್ತಾರೋ ಕೇಳಬೇಕಿತ್ತು. ಸ್ವತಂತ್ರ ವಿಜ್ಞಾನಿಗಳ ಸಲಹೆಯಂತೆ ಆಮೆಗಳನ್ನು ಸುರಕ್ಷಿತವಾಗಿ ಸ್ಥಳಾಂತರಿಸಲಾಗಿದೆ ಎಂದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿ ನೆನಪಿನ ಕಾಣಿಕೆ ಕೊಟ್ಟರು: ಗಾಜಿನ ಬಟ್ಟಲು, ಹಿತ್ತಾಳೆಯ ಆಮೆ.

ಅದು ಈಗಲೂ ನನ್ನ ಮೇಜಿನ ಮೇಲಿದೆ. ನೀರು ಹಾಕಬೇಕಲ್ಲವೇ ಎಂದು ಬಂದವರೆಲ್ಲ ಕೇಳುತ್ತಾರೆ, ಕೆಲವರು ಎದ್ದು ತಾವೇ ತರಲು ಹೋಗುತ್ತಾರೆ. ನಾನು ಬಿಡುವುದಿಲ್ಲ.